ಒಂದು ದಿನದ ರಜೆಗೆ ಬರೆದ ಪತ್ರ

ನಾನು ಡಾಕ್ಟರು. ಮನೆ ಷಾರ್ಲೆಟ್‌ನ ದಕ್ಷಿಣ ತುದಿಯ ಬ್ಯಾಲೆಂಟೈನ್‌ನಲ್ಲಿ, ಕ್ಲಿನಿಕ್ಕು ರಾಜ್ಯದ ಗಡಿ ದಾಟಿ ಸೌತ್ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ. ನಡುವೆ ಮುಕ್ಕಾಲು ಗಂಟೆ ಡ್ರೈವ್. ಮನೆ ಪಕ್ಕದಲ್ಲೇ ದೊಡ್ಡ ಆಸ್ಪತ್ರೆಗಳಿರುವಾಗ ಅಷ್ಟು ದೂರ ಯಾಕೆ ಹೋಗುತ್ತೀಯ ಎಂದು ಗೆಳತಿಯರು ಕೇಳಿದರೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಹೇಳಲು ನಾಚಿಕೆ. ಕ್ಲಿನಿಕ್ಕಿನ ಹಿಂದೆ ಗೂಡ್ಸ್ ಗಾಡಿಗಳ ಯಾರ್ಡ್ ಇದೆ. ವ್ಯಾಗನ್ನುಗಳು ಒಂದಕ್ಕೊಂದು ಬಡಿದು ಜೋಡಿಯಾಗುವ ಸದ್ದು ಕೇಳಿದರೆ ನನಗೆ ಹಾಯೆನಿಸುತ್ತದೆ. ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು.

ಹಾಗಾಗಿ ರೈಲ್ವೆಯವರ ಕಷ್ಟ ನನಗೆ ಗೊತ್ತು ಎಂಬ ಜಂಬ ನನ್ನಲ್ಲಿ ಮೊದಲಿನಿಂದ ಇತ್ತು. ಈ ಕಥೆಯಲ್ಲಿ ಹಾಳಾದದ್ದು ಇನ್ನೊಬ್ಬರ ಬದುಕು. ಹಾಳು ಮಾಡಿದ್ದು ಆ ಜಂಬವೇ.

ಎರಡು ಸಾವಿರದ ಇಪ್ಪತ್ತೆರಡರ ಶರತ್ಕಾಲದಲ್ಲಿ ಅವರು ನನ್ನ ಹತ್ತಿರ ಬಂದರು. ಐವತ್ತೆಂಟು ವರ್ಷ, ಗೂಡ್ಸ್ ಗಾಡಿಯ ಕಂಡಕ್ಟರ್. ಇಲ್ಲಿ ಕಂಡಕ್ಟರ್ ಎಂದರೆ ಟಿಕೆಟ್ ಕೊಡುವವರಲ್ಲ. ಎರಡು ಮೈಲಿ ಉದ್ದದ ಗಾಡಿಯಲ್ಲಿ ಡ್ರೈವರನ ಪಕ್ಕ ಕೂರುವವರು. ನಡುದಾರಿಯಲ್ಲಿ ಏನಾದರೂ ಕೆಟ್ಟರೆ ಇಳಿದು, ಜಲ್ಲಿಯ ಮೇಲೆ ನಡೆದು, ಕೆಟ್ಟ ವ್ಯಾಗನ್ನನ್ನು ಹುಡುಕುವವರು. ದೊಡ್ಡ ಆಳು, ಆದರೆ ಮಾತು ಮೆಲ್ಲಗೆ. ಇಂಜಿನ್ನಿನ ಏಣಿ ಹತ್ತುವಾಗ ಒಮ್ಮೊಮ್ಮೆ ಕಣ್ಣು ಮಂಜಾಗುತ್ತದೆ, ಎದೆಯಲ್ಲಿ ಏನೋ ಪಟಪಟ ಅನ್ನುತ್ತದೆ ಎಂದರು. ನಾಡಿ ಹಿಡಿದು ನೋಡಿದೆ. ಬಡಿತ ಅಲ್ಲಲ್ಲಿ ತಪ್ಪುತ್ತಿತ್ತು. ಹೃದಯದ ಡಾಕ್ಟರ ಹತ್ತಿರ ಒಂದು ದಿನದ ಪರೀಕ್ಷೆಗೆ ಹೋಗಬೇಕು ಎಂದೆ.

"ಒಂದು ದಿನಾನೇ ಇಲ್ಲ ನನ್ನ ಹತ್ರ," ಎಂದರು.

ಅವರ ಕಂಪನಿಯಲ್ಲಿ ಹಾಜರಿಗೆ ಪಾಯಿಂಟುಗಳ ಲೆಕ್ಕ. ಪ್ರತಿಯೊಬ್ಬರಿಗೂ ಇಷ್ಟು ಪಾಯಿಂಟು ಎಂದು ಕೊಟ್ಟಿರುತ್ತಾರೆ. ಫೋನು ಬಂದಾಗ ಕೆಲಸಕ್ಕೆ ಹೋಗದಿದ್ದರೆ, ಜ್ವರವೇ ಇರಲಿ ಸಾವೇ ಇರಲಿ, ಪಾಯಿಂಟು ಕಳೆಯುತ್ತಾರೆ. ಮುಗಿದರೆ ವಿಚಾರಣೆ, ಆಮೇಲೆ ಮನೆ. ಫೋನು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ, ಬಂದರೆ ಎರಡು ಗಂಟೆಯಲ್ಲಿ ಯಾರ್ಡಿನಲ್ಲಿರಬೇಕು. ಹೀಗಿರುವಾಗ ಮೂರು ವಾರ ಮುಂಚೆ ಡಾಕ್ಟರ ಅಪಾಯಿಂಟ್‌ಮೆಂಟ್ ಹೇಗೆ ತೆಗೆದುಕೊಳ್ಳುವುದು? ಹೆಂಡತಿಯ ಆಪರೇಷನ್ನಿಗೆ, ಅಣ್ಣನ ಮಣ್ಣಿಗೆ ಹೋಗಿ ಅವರ ಪಾಯಿಂಟು ತಳ ಕಂಡಿತ್ತು. ಮೂವತ್ತು ವರ್ಷದ ಸರ್ವಿಸು ತುಂಬಿದರೆ ಅರವತ್ತಕ್ಕೆ ಪೂರ್ತಿ ಪಿಂಚಣಿ. ಅವರಿಗೆ ಇಪ್ಪತ್ತೆಂಟು ತುಂಬಿತ್ತು. ಇನ್ನೆರಡು ವರ್ಷ ಹೇಗಾದರೂ ಗಾಡಿಯ ಮೇಲೆ ಇದ್ದರೆ ಸಾಕು, ಬೇರೆ ಏನೂ ಬೇಡ ಎಂದರು.

"ಸ್ವಲ್ಪ ತಡೀರಿ ಡಾಕ್ಟರ್. ಹೊಸ ಒಪ್ಪಂದ ಬರ್ತಾ ಇದೆ. ಅದರಲ್ಲಿ ಸಿಕ್ ಲೀವ್ ಕೇಳಿದ್ದೀವಿ. ಬಂದ ದಿನಾನೇ ನಿಮ್ಮ ಪರೀಕ್ಷೆಗೆ ಹೋಗ್ತೀನಿ."

ನಾನೂ ತಡೆದೆ. ಅವರ ಯೂನಿಯನ್ ಏನು ಕೇಳುತ್ತಿದೆ, ಕಂಪನಿಗಳು ಏನು ಹೇಳುತ್ತಿವೆ ಎಂದು ದಿನಾ ಕಾರಿನಲ್ಲಿ ರೇಡಿಯೊ ಕೇಳುತ್ತಾ ಹೋಗುತ್ತಿದ್ದೆ. ಆಗ ಇಲ್ಲಿನ ಇತಿಹಾಸ ಒಂದಿಷ್ಟು ಓದಿಕೊಂಡೆ. ಈ ದೇಶದಲ್ಲಿ ಕೇಂದ್ರ ಸರಕಾರ ಮೊದಲು ಮೂಗುದಾರ ಹಾಕಿದ ವ್ಯಾಪಾರವೇ ರೈಲ್ವೆಯಂತೆ. ರೈತರನ್ನು, ಸಣ್ಣ ವ್ಯಾಪಾರಿಗಳನ್ನು ಸಾಗಣೆ ದರದಲ್ಲಿ ಸುಲಿಯುತ್ತಿದ್ದ ಕಂಪನಿಗಳನ್ನು ಹದ್ದುಬಸ್ತಿಗೆ ತರಲು. ಆಮೇಲೆ, ಸುಮಾರು ನೂರು ವರ್ಷದ ಹಿಂದೆ, ಇನ್ನೊಂದು ಕಾನೂನು ಬಂತು. ಅದರ ಪ್ರಕಾರ ರೈಲ್ವೆಯವರು ಬೇಕೆಂದಾಗ ಮುಷ್ಕರ ಹೂಡುವಂತಿಲ್ಲ, ಮಾತುಕತೆಯ ಮೆಟ್ಟಿಲುಗಳನ್ನೆಲ್ಲ ಹತ್ತಬೇಕು. ಮೇಲಿನ ಮೆಟ್ಟಿಲಿಗೆ ಬಂದ ಮೇಲೂ ವಾಷಿಂಗ್ಟನ್ನಿನವರು ಬೇಡ ಎಂದರೆ ಮುಗಿಯಿತು. ದರದ ಕಡಿವಾಣವನ್ನು ನಾನು ಬೆಳೆಯುವ ಕಾಲಕ್ಕೆ ಬಹುಪಾಲು ಸಡಿಲಿಸಿದ್ದರು. ಮುಷ್ಕರದ ಕಡಿವಾಣ ಮಾತ್ರ ಹಾಗೇ ಇತ್ತು. ಓದಿ ನನಗೆ ಮೈಯುರಿಯಿತು. ಆದರೂ ನಂಬಿದ್ದೆ. ಕೊರೊನಾ ಕಾಲದಲ್ಲಿ ಇವರನ್ನೇ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ ಜನ, ಕಾಯಿಲೆಗೆ ನಾಲ್ಕು ದಿನ ರಜೆ ಕೊಡದೆ ಇರುತ್ತಾರೆಯೇ ಎಂದುಕೊಂಡಿದ್ದೆ.

ಡಿಸೆಂಬರಿನ ಮೊದಲ ವಾರದ ಒಂದು ಸಂಜೆ ಮನೆಗೆ ಬಂದಾಗ ನನ್ನ ಗಂಡ ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದ. ಮೈಸೂರಿನವನು, ಬ್ಯಾಂಕಿನಲ್ಲಿ ಐಟಿ ಕೆಲಸ.

"ರೈಲ್ವೆದು ವೋಟ್ ಆಯ್ತು ಕಣೆ. ಸ್ಟ್ರೈಕ್ ಇಲ್ಲ. ಸದ್ಯ ಬದುಕಿದ್ವಿ, ಸಪ್ಲೈ ಚೈನ್ ಪೂರ್ತಿ ಕೊಲ್ಯಾಪ್ಸ್ ಆಗ್ತಿತ್ತು."

"ಸಿಕ್ ಲೀವ್?"

"ಅದಕ್ಕೆ ಬೇರೆ ವೋಟ್ ಇಟ್ಟಿದ್ರು. ಹೌಸ್‌ನಲ್ಲಿ ಪಾಸಾಯ್ತು, ಸೆನೆಟ್‌ನಲ್ಲಿ ಬಿದ್ದೋಯ್ತು. ಪಾಪ. ಆದ್ರೆ ಸಂಬಳ ಜಾಸ್ತಿ ಮಾಡಿದಾರಲ್ಲ, ಅಡ್ಜಸ್ಟ್ ಮಾಡ್ಕೋತಾರೆ ಬಿಡು."

ಅವನ ಮೇಲೆ ರೇಗಿದೆ. ಅವನದೇನು ತಪ್ಪು? ಯಾರ ಮೇಲಾದರೂ ರೇಗಬೇಕಾಗಿತ್ತು, ಅವನು ಎದುರಿಗಿದ್ದ. ಒಪ್ಪಂದ ಬೇಡ ಎಂದು ಹಲವು ಯೂನಿಯನ್ನುಗಳ ಜನ ಮತ ಹಾಕಿದ್ದರು. ಸಂಸತ್ತು ಅದನ್ನೇ ಕಾನೂನು ಮಾಡಿ ಅವರ ತಲೆಗೆ ಕಟ್ಟಿತು. ಮುಷ್ಕರ ಶುರುವಾಗುವ ಮೊದಲೇ ಮುಗಿಯಿತು.

ಮರುದಿನ ಬೆಳಿಗ್ಗೆ ಕಾರಿನಿಂದ ಅಪ್ಪನಿಗೆ ಫೋನ್ ಮಾಡಿದೆ. ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ ನಡೆದ ದೊಡ್ಡ ರೈಲ್ವೆ ಮುಷ್ಕರದಲ್ಲಿ ಜೈಲು ನೋಡಿ ಬಂದವರು ಅವರು. ಸಂಸತ್ತಿನ ವಿಷಯ ಕೇಳಿ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಅರ್ಥವೇ ಆಗಲಿಲ್ಲ.

"ಡಾಕ್ಟರ್ ನೀನ ಇದ್ದೀಯಲ್ಲವಾ? ಸಿಕ್ ಅಂತ ಬರದ ಕೊಡು, ಆತು. ಅದಕ್ಕ ಪಾರ್ಲಿಮೆಂಟ್ ಯಾಕ ಬೇಕು?"

ಇದು ಹುಬ್ಬಳ್ಳಿ ರೈಲ್ವೆಯವರ ಹುಟ್ಟುಗುಣ. ನಮ್ಮ ಕ್ವಾರ್ಟರ್ಸಿನಲ್ಲಿ ರಜೆ ಸಿಗದಿದ್ದರೆ 'ಸಿಕ್' ಹೋಗುತ್ತಿದ್ದರು. ತಂಗಿಯ ಮದುವೆಗೆ ಸಿಕ್, ಸುಗ್ಗಿಗೆ ಸಿಕ್. ರೈಲ್ವೆ ಆಸ್ಪತ್ರೆಯ ಡಾಕ್ಟರು ಸಿಕ್ ಸರ್ಟಿಫಿಕೇಟ್ ಬರೆದರೆ ಮೇಲಿನ ಸಾಹೇಬ ಕೈಕಟ್ಟಿ ಕೂರಬೇಕು. ಎಂಟು ದಿನ ಬಿಟ್ಟು ಅದೇ ಡಾಕ್ಟರು ಫಿಟ್ ಎಂದು ಬರೆದರೆ ಮತ್ತೆ ಗಾಡಿ. ಕಾಯಿಲೆಯ ಹೆಸರು ಎಷ್ಟು ದೊಡ್ಡದಾಗಿದ್ದರೆ ಪ್ರಶ್ನೆಗಳು ಅಷ್ಟು ಕಡಿಮೆ. ಸಣ್ಣವಳಾಗಿದ್ದಾಗ ನಾನು ಡಾಕ್ಟರಾಗುತ್ತೇನೆ ಎಂದದ್ದಕ್ಕೆ ಅರ್ಧ ಕಾರಣ ಆ ಕಾಗದವೇ. ಸ್ಟೇಷನ್ ಮಾಸ್ತರನನ್ನೂ ಸುಮ್ಮನಾಗಿಸುವ ಕಾಗದ ಅದು. ಅಪ್ಪನ ಮಾತು ಕೇಳಿ ನನಗೆ ಹೌದಲ್ಲ ಅನ್ನಿಸಿತು.

ಆ ವಾರವೇ ಕಂಡಕ್ಟರನ್ನು ಕರೆಸಿದೆ. ಮುಖ ಸಪ್ಪಗಿತ್ತು. "ಅವರು ನಮ್ಮನ್ನ ಕೇಳಲೇ ಇಲ್ಲ," ಎಂದಷ್ಟೇ ಹೇಳಿದರು. ಪತ್ರ ಬರೆಯುತ್ತೇನೆ, ಕಂಪನಿ ಬಾಯಿ ಮುಚ್ಚಿಕೊಂಡು ರಜೆ ಕೊಡುತ್ತದೆ ಎಂದೆ.

"ಏನೂ ತೊಂದರೆ ಆಗಲ್ಲ ತಾನೆ?"

"ಡಾಕ್ಟರ ಪತ್ರಕ್ಕೆ ಯಾರು ಏನು ಹೇಳ್ತಾರೆ?" ಎಂದೆ.

ಕ್ಲಿನಿಕ್ಕಿನ ಮುಂದಿನ ಕೌಂಟರಿನಲ್ಲಿ ಕೂರುವ ಹೆಂಗಸು ಅದೇ ಊರಿನವಳು. ಅವಳ ಅಪ್ಪನೂ ಮಾವನೂ ರೈಲ್ವೆಯವರು. ಅವಳು ಬಾಗಿಲಲ್ಲಿ ನಿಂತು ಹೇಳಿದಳು, ಕಾಯಿಲೆಯ ರಜೆಗೆ ಸರಕಾರದ ಒಂದು ಫಾರಂ ಇದೆ, ಅದನ್ನು ತುಂಬಿ, ಕೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯಬೇಡಿ, ಒಪ್ಪಿಗೆಗೆ ಎರಡು ಮೂರು ವಾರ ಹಿಡಿಯುತ್ತದೆ. ನನಗೆ ತಾಳ್ಮೆ ಇರಲಿಲ್ಲ. ಫಾರಮ್ಮಿನಲ್ಲಿ ಕಾಯಿಲೆ ಬರೆಯಲು ಕೊಟ್ಟ ಜಾಗ ಎರಡು ಬೆರಳು. ಅದರಲ್ಲಿ ಏನು ಹೇಳುವುದು? ಲೆಟರ್‌ಹೆಡ್ಡಿನ ಮೇಲೆ ಒಂದು ಪುಟ ಬರೆದೆ. ಹೃದಯದ ಬಡಿತ ಏರುಪೇರಾಗಿದೆ, ಯಾವ ಕ್ಷಣದಲ್ಲಾದರೂ ಪ್ರಜ್ಞೆ ತಪ್ಪಬಹುದು, ತಡಮಾಡಿದರೆ ಜೀವಕ್ಕೆ ಅಪಾಯ, ಆದ್ದರಿಂದ ಇಂಥ ದಿನ ರಜೆ ಕೊಡಲೇಬೇಕು. ಅವರು ಪ್ರಜ್ಞೆ ತಪ್ಪಿದ್ದೇನೆ ಎಂದು ಯಾವತ್ತೂ ಹೇಳಿರಲಿಲ್ಲ. ಸುಳ್ಳಲ್ಲ, ತಪ್ಪಬಹುದಿತ್ತು. ಆದರೆ ಪರೀಕ್ಷೆಯೇ ಆಗದೆ ಅಷ್ಟು ಗಟ್ಟಿಯಾಗಿ ಬರೆಯುವ ಅಗತ್ಯ ಇರಲಿಲ್ಲ. ಹುಬ್ಬಳ್ಳಿಯ ಸಾಹೇಬನಿಗೆ ಬರೆದ ಹಾಗೆ ಬರೆದೆ. ಕಂಡಕ್ಟರು ಓದಿ, ಒಪ್ಪಿ, ಕಳಿಸಬಹುದು ಎಂದು ಸಹಿ ಹಾಕಿದರು. ಕಂಪನಿಯ ವೈದ್ಯಕೀಯ ವಿಭಾಗಕ್ಕೆ ನಾನೇ ಫ್ಯಾಕ್ಸ್ ಮಾಡಿದೆ. ಆ ಮಧ್ಯಾಹ್ನ ಬಹಳ ಸಂತೋಷವಾಗಿದ್ದೆ.

ಮರುದಿನವೇ ಉತ್ತರ ಬಂತು. ಒಂದು ದಿನ ಕೇಳಿದ್ದಕ್ಕೆ ಅವರು ಎಲ್ಲ ದಿನಗಳನ್ನೂ ಕೊಟ್ಟರು. ಗಾಡಿಯ ಮೇಲೆ ಪ್ರಜ್ಞೆ ತಪ್ಪಬಹುದಾದ ಮನುಷ್ಯನನ್ನು ಕೆಲಸಕ್ಕೆ ಬಿಡುವಂತಿಲ್ಲ, ಮುಂದಿನ ಆದೇಶದವರೆಗೆ ಸೇವೆಯಿಂದ ಹೊರಗೆ. ಸಂಬಳವಿಲ್ಲ, ಸರ್ವಿಸಿನ ತಿಂಗಳುಗಳು ಏರುವುದಿಲ್ಲ. ಅವರು ಉದ್ಧರಿಸಿದ ವಾಕ್ಯ ನನ್ನದೇ. ನಾನು ಆ ಜಾಗದಲ್ಲಿ ಕೂತಿದ್ದರೂ ಅದನ್ನೇ ಮಾಡುತ್ತಿದ್ದೆ ಅನ್ನುವುದು ನನ್ನನ್ನು ಈಗಲೂ ಕೊರೆಯುತ್ತದೆ. ಅಲ್ಲಿ ಬೈಯಲು ಒಬ್ಬ ಕೆಟ್ಟವನೂ ಇರಲಿಲ್ಲ.

ಪರೀಕ್ಷೆ ಆಯಿತು. ಕಂಡಕ್ಟರಿಗೀಗ ಬಿಡುವಿಗೇನು ಕೊರತೆ? ಹೃದಯದ ಡಾಕ್ಟರು ಗುಳಿಗೆಯಲ್ಲಿ ಹತೋಟಿಗೆ ಬರುವ ಸಣ್ಣ ತೊಂದರೆ ಎಂದರು, ಕೆಲಸಕ್ಕೆ ಹೋಗಬಹುದು ಎಂದೂ ಬರೆದರು. ನಾನೂ ಇನ್ನೊಂದು ಪತ್ರ ಬರೆದೆ, ಫಿಟ್ ಎಂದು. ಆದರೆ ಈ ಊರಲ್ಲಿ ಸಿಕ್ ಬರೆದ ಕೈಗೆ ಫಿಟ್ ಬರೆಯುವ ಅಧಿಕಾರವಿಲ್ಲ. ಕಂಪನಿ ಇನ್ನೊಂದು ಪರೀಕ್ಷೆ ಕೇಳಿತು. ಅದಾದ ಮೇಲೆ ಆರು ತಿಂಗಳ ದಾಖಲೆ ಕೇಳಿತು. ಮೊದಲ ಪತ್ರದಲ್ಲಿ 'ಯಾವ ಕ್ಷಣದಲ್ಲಾದರೂ' ಎಂದಿದೆ, ಈಗ ಇಲ್ಲ ಅನ್ನುತ್ತೀರಿ, ಯಾವುದು ಸರಿ ಎಂದು ನನ್ನನ್ನೇ ಕೇಳಿತು. ವಿವರಣೆ ಬರೆದೆ. ಯೂನಿಯನ್ನಿನವರು ಅಪೀಲು ಹಾಕಿದರು. ಅದೂ ನೂರು ವರ್ಷದ ಆ ಕಾನೂನಿನ ಮೆಟ್ಟಿಲುಗಳನ್ನೇ ಹತ್ತಬೇಕಂತೆ, ವರ್ಷಗಟ್ಟಲೆ ಹಿಡಿಯುತ್ತದಂತೆ. ವಾಷಿಂಗ್ಟನ್ನಿನ ಕಚೇರಿಯೊಂದಕ್ಕೆ ದೂರು ಬರೆದೆ. ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಹಳ ಸೌಜನ್ಯದಿಂದ ತಿಳಿಸಿದರು.

ಮುಂದಿನ ಬೇಸಗೆಯಲ್ಲಿ ರೈಲ್ವೆ ಕಂಪನಿಗಳು ಒಂದೊಂದಾಗಿ, ತಾವಾಗಿಯೇ, ಒಂದೊಂದು ಯೂನಿಯನ್ನಿಗೆ ಕೆಲವು ದಿನಗಳ ಸಿಕ್ ಲೀವ್ ಒಪ್ಪಿಕೊಂಡವು. ಇದನ್ನೂ ಕಾರಿನ ರೇಡಿಯೊದಲ್ಲೇ ಕೇಳಿದೆ. ಆರೇಳು ತಿಂಗಳು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ರಸ್ತೆ ಬದಿಗೆ ಕಾರು ನಿಲ್ಲಿಸಿ ಅತ್ತೆ.

ಕಂಡಕ್ಟರು ಕೊನೆಯ ಸಲ ಬಂದದ್ದು ಆ ವರ್ಷದ ಚಳಿಗಾಲದಲ್ಲಿ. ಹೆದ್ದಾರಿಯ ಪಕ್ಕದ ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿದೆ, ಇನ್ಶೂರೆನ್ಸ್ ಬೇರೆ, ಇನ್ನು ಈ ಕ್ಲಿನಿಕ್ಕಿಗೆ ಬರಲಾಗುವುದಿಲ್ಲ ಎಂದು ಹೇಳಲು ಬಂದಿದ್ದರು. ಫೋನಿನಲ್ಲಿ ಹೇಳಬಹುದಿತ್ತು. ನಾನು ಕ್ಷಮಿಸಿ ಎಂದೆ. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ನೀವು ಒಳ್ಳೇದಕ್ಕೇ ಬರೆದ್ರಿ," ಎಂದರು. ಆಮೇಲೆ, "ಆದ್ರೆ ಹುಡುಗರಿಗೆ ಹೇಳಿಟ್ಟಿದ್ದೀನಿ," ಎಂದರು. ಯಾವ ಹುಡುಗರು, ಏನು ಹೇಳಿದ್ದೀರಿ ಎಂದು ನಾನು ಕೇಳಲಿಲ್ಲ.

ಕೆಲವೇ ವಾರಗಳಲ್ಲಿ ತಿಳಿಯಿತು. ಯಾರ್ಡಿನವರು ಬರುವುದು ನಿಲ್ಲಿಸಲಿಲ್ಲ, ಬೇರೆ ಡಾಕ್ಟರಿಲ್ಲ ಆ ಊರಲ್ಲಿ. ಬಂದರು, ಕೂತರು, ಮೊಣಕಾಲು ನೋವು ಎಂದರು, ಕೆಮ್ಮು ಎಂದರು. ತಲೆ, ಎದೆ, ನಿದ್ದೆ, ಈ ಮೂರರ ವಿಷಯ ಯಾರೂ ಬಾಯಿ ಬಿಡಲಿಲ್ಲ. ನಾನು ಕಂಪ್ಯೂಟರಿನ ಕಡೆ ತಿರುಗಿದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಕೌಂಟರಿನ ಹೆಂಗಸು ಎಲ್ಲ ನೋಡುತ್ತಿದ್ದಳು. ಒಂದು ದಿನವೂ 'ನಾನು ಹೇಳಿರಲಿಲ್ಲವೇ' ಅನ್ನಲಿಲ್ಲ.

ಕಳೆದ ವಸಂತದಲ್ಲಿ ಒಬ್ಬ ಇಂಜಿನ್ ಡ್ರೈವರ್ ಬಂದಿದ್ದ. ನಲವತ್ತರ ಆಸುಪಾಸು, ರಕ್ತದೊತ್ತಡದ ಗುಳಿಗೆ ಮುಗಿದಿತ್ತು. ಕಣ್ಣ ಕೆಳಗೆ ಕಪ್ಪು. ಒತ್ತಡ ನೋಡಿದೆ, ಬಹಳ ಜಾಸ್ತಿ ಇತ್ತು. ಮಂಚದಿಂದ ಇಳಿಯುವಾಗ ಮೇಜಿನ ಅಂಚು ಹಿಡಿದುಕೊಂಡು ನಿಂತ. ಕಣ್ಣು ಮುಚ್ಚಿತ್ತು. ಬೆರಳುಗಳು ಬಿಳಿಚಿಕೊಂಡಿದ್ದವು. ಹತ್ತಕ್ಕೆ ಎಣಿಸುವಷ್ಟು ಹೊತ್ತು ಹಾಗೇ ನಿಂತಿದ್ದ.

"ತಲೆ ತಿರುಗುತ್ತಾ?" ಎಂದು ಕೇಳಿದೆ.

"ಇಲ್ಲ ಮೇಡಂ."

"ಎದೆಯಲ್ಲಿ ಏನಾದರೂ?"

"ಏನಿಲ್ಲ. ಕಾಲು ಜೋಮು ಹಿಡಿದಿತ್ತು." ನನ್ನ ಮುಖವನ್ನಲ್ಲ, ಕೀಬೋರ್ಡಿನ ಮೇಲಿದ್ದ ನನ್ನ ಕೈಯನ್ನು ನೋಡುತ್ತಾ ಹೇಳಿದ.

ಇನ್ನೊಮ್ಮೆ ಕೇಳಬಹುದಿತ್ತು. ಬಾಗಿಲು ಹಾಕಿ, ಕೈ ಜೇಬಿಗಿಟ್ಟು, ಬರೆಯುವುದಿಲ್ಲ ಎಂದು ಆಣೆ ಮಾಡಿ ಕೇಳಬಹುದಿತ್ತು. ಕೇಳಿದರೆ ಹೇಳುತ್ತಿದ್ದನೇನೋ. ಹೇಳಿದ ಮೇಲೆ ಬರೆಯದೆ ಇದ್ದರೆ ನಾನೆಂಥ ಡಾಕ್ಟರು, ಬರೆದರೆ ಅವನ ಗತಿಯೇನು? ಎರಡು ಗಂಟೆಗೆ ಅವನ ಗಾಡಿ ಇತ್ತು, ಅಟ್ಲಾಂಟಾ ಕಡೆಗೆ. ಗುಳಿಗೆಗೆ ಚೀಟಿ ಕೊಟ್ಟೆ. ತೆರೆಯ ಮೇಲೆ ರೋಗಿಯ ತೊಂದರೆಗಳು ಎಂಬ ಜಾಗದಲ್ಲಿ 'ಏನೂ ಇಲ್ಲ' ಎಂದು ಬರೆದೆ. ಅವನು ಅದನ್ನು ಓದಿ, ಥ್ಯಾಂಕ್ಸ್ ಹೇಳಿ, ಗಾಡಿಗೆ ಹೊರಟ.