ಕಾಲಿಗೆ ಬುದ್ಧಿ ಹೇಳಿದ ದಿನ

ನಾನು ಓಡುವವನಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಣ್ಣೆದುರೇ ಕೊರಟಗೆರೆ ಬಸ್ಸು ಹೊರಟರೂ ನಿಂತಲ್ಲೇ ನಿಂತು ಅದನ್ನು ಮರ್ಯಾದೆಯಿಂದ ಬೀಳ್ಕೊಟ್ಟು, ಒಂದು ಕಾಫಿ ಕುಡಿದು, ಮುಂದಿನ ಬಸ್ಸಿಗೆ ಕಾಯುತ್ತೇನೆ. ಹೊಳವನಹಳ್ಳಿ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ಚರಿತ್ರೆ ಪಾಠ ಹೇಳಿದೆ. ಬೆಲ್ ಹೊಡೆದು ಎಷ್ಟು ಹೊತ್ತಾದರೂ ಕ್ಲಾಸಿಗೆ ಓಡಿದವನಲ್ಲ. ನಾನು ಹೇಳಬೇಕಾದ ಯುದ್ಧಗಳೆಲ್ಲ ಮುಗಿದು ನೂರಾರು ವರ್ಷವಾಗಿದೆ, ಇನ್ನೈದು ನಿಮಿಷ ತಡವಾದರೆ ಸೋತವರು ಗೆದ್ದುಬಿಡುವುದಿಲ್ಲ ಎಂಬ ಧೈರ್ಯ. ಅಂಥ ನಾನು ಅರವತ್ತಮೂರನೆಯ ವಯಸ್ಸಿನಲ್ಲಿ ಪೇಟ ಕಟ್ಟಿಕೊಂಡು, ಕೈಯಲ್ಲಿದ್ದ ಈಟಿ ಬಿಸಾಡಿ, ಎಂಟು ಕುದುರೆಗಳ ಮುಂದೆ ಓಡಿದೆ ಎಂದರೆ ನನ್ನ ಹೆಂಡತಿಯೇ ನಂಬಲಿಲ್ಲ. ನೀವು ನಂಬಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮದೊಂದು ಕಾವಲು ಬಳಗವಿದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವು ಇಪ್ಪತ್ತೈದು ಮೂವತ್ತು ಜನ ಪಾಳೇಗಾರರ ಕಾಲದ ಕಾವಲುಗಾರರ ಉಡುಪು ತೊಟ್ಟು ಮಧುಗಿರಿ ಕೋಟೆಯ ಮೊದಲ ಬಾಗಿಲಲ್ಲಿ ನಿಲ್ಲುತ್ತೇವೆ. ನಾಟಕವಲ್ಲ, ರಾಜನಿಲ್ಲ, ರಾಣಿಯಿಲ್ಲ, ಹಾಡಿಲ್ಲ. ನೋಡಲು ಬಂದ ಶಾಲೆ ಮಕ್ಕಳಿಗೆ ಪೇಟ ಸುತ್ತುವುದು ಹೇಗೆ, ಕವಣೆ ಬೀಸುವುದು ಹೇಗೆ, ಹುರಿಹಿಟ್ಟಿಗೆ ಬೆಲ್ಲ ಕಲಸಿದ ಎರಡು ಉಂಡೆಯಲ್ಲಿ ಒಬ್ಬ ಮನುಷ್ಯ ಒಂದು ಹಗಲು ಕಳೆಯುವುದು ಹೇಗೆ ಎಂದು ತೋರಿಸುತ್ತೇವೆ. ಬೆಟ್ಟದ ತುದಿ ಮುಟ್ಟಬಲ್ಲ ಕಾವಲುಗಾರರು ನಮ್ಮಲ್ಲಿ ನಾಲ್ಕೇ ಜನ. ಉಳಿದವರ ಮಂಡಿಗಳು ಮೊದಲ ಬಾಗಿಲಿನಲ್ಲೇ ಶರಣಾಗುತ್ತವೆ.

ನಮ್ಮ ಉಡುಪು ಹೊಲಿದು, ಆಮೇಲೆ ಬಳಗವನ್ನೂ ಸೇರಿದವರು ಶಿರಾದ ಖಾದರ್ ಭಾಯಿ. ಮೂರು ತಲೆಮಾರಿನಿಂದ ಹಾಸಿಗೆ, ದಿಂಬು, ರಜಾಯಿ ಹೊಲಿಯುವ ಮನೆತನ. ಹಿಂದೆ ಸಾಧಾರಣ ಸಿಪಾಯಿಗಳಿಗೆ ಕಬ್ಬಿಣದ ಕವಚ ಎಟುಕುತ್ತಿರಲಿಲ್ಲ, ಹತ್ತಿ ತುಂಬಿ ಒತ್ತಾಗಿ ಹೊಲಿದ ದಪ್ಪ ಅಂಗಿಯೇ ಅವರ ಕವಚ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಅವರು ಪೂರ್ತಿ ಕೇಳಿ, "ಮೇಷ್ಟ್ರೇ, ನೀವು ಹೇಳ್ತಿರೋದು ರಜಾಯಿ. ಅದಕ್ಕೆ ಎರಡು ತೋಳು ಇಡಬೇಕು, ಅಷ್ಟೇ ತಾನೆ?" ಎಂದರು. ವಿದ್ವತ್ತು ಎಂದರೆ ಎಷ್ಟೋ ಸಲ ಇಷ್ಟೇ; ರಜಾಯಿಗೆ ಎರಡು ತೋಳು ಇಡುವುದು.

ಬಳಗದ ನಿಜವಾದ ಆಸ್ತಿ ಚಿತ್ತಯ್ಯ. ಕಳ್ಳಂಬೆಳ್ಳದ ಆಚೆಯ ಹಟ್ಟಿಯವನು, ಕುರಿ ಮೇಯಿಸುವವನು, ನನಗಿಂತ ಐದಾರು ವರ್ಷ ಚಿಕ್ಕವನು. ನಮಗೆಲ್ಲ ಅದು ವೇಷ. ಅವನು ಕಂಬಳಿ ಹೊದ್ದು ಕೋಲೂರಿ ನಿಂತರೆ ಗಲಾಟೆ ಮಾಡುವ ಮಕ್ಕಳು ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಅವನ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ದನಗಳ್ಳರನ್ನು ತಡೆದು ಸತ್ತ ಯಾರದೋ ಕಲ್ಲು. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಹೆಸರು ಬರೆದಿಲ್ಲ. ಚಿತ್ತಯ್ಯನ ಮನೆಯವರು ಅದನ್ನು ಅಜ್ಜ ಎನ್ನುತ್ತಾರೆ. ಸೋಮವಾರ ನೀರೆರೆದು ಕರ್ಪೂರ ಹಚ್ಚುತ್ತಾರೆ.

ಯಾರೋ ನಮ್ಮ ವಿಡಿಯೋ ಮೊಬೈಲಿಗೆ ಹಾಕಿ, ಅದು ಕೈಯಿಂದ ಕೈಗೆ ಹೋಗಿ ಒಂದು ಸಿನಿಮಾ ಕಂಪನಿಯವರ ಕಣ್ಣಿಗೆ ಬಿತ್ತು. ಹಳೆಯ ಕಾಲದ ಯುದ್ಧದ ಚಿತ್ರ. ಪಾವಗಡದ ಆಚೆ ರಾಯಚರ್ಲು ಕಡೆಯ ಬಯಲಿನಲ್ಲಿ ಶೂಟಿಂಗು. ಉಡುಪಿನ ಸಮೇತ ಸೈನಿಕರು ಸಿಕ್ಕರೆಂದು ಅವರಿಗೆ ಸಂತೋಷ. ಚರಿತ್ರೆಯ ಸೇವೆಗೆ ಅವಕಾಶ ಸಿಕ್ಕಿತೆಂದು ನನಗೆ ಅವರಿಗಿಂತ ಹೆಚ್ಚು ಸಂತೋಷ. ಹೆಂಗಸರೂ ಬೇಕು ಎಂದಿದ್ದರಿಂದ ಚಿತ್ತಯ್ಯನ ಹೆಂಡತಿ ಕರಿಯಮ್ಮನೂ ಹಟ್ಟಿಯ ಇನ್ನು ನಾಲ್ವರೂ ಬಿಂದಿಗೆ ಹೊರುವ ಪಾತ್ರಕ್ಕೆ ಹೊರಟರು. ಬೆಳಿಗ್ಗೆ ಬಸ್ಸು ಮಾಡಿ ಕರೆದೊಯ್ದರು.

ಹೋದ ಅರ್ಧ ಗಂಟೆಯಲ್ಲಿ ಚರಿತ್ರೆಗೆ ಮೊದಲ ಪೆಟ್ಟು ಬಿತ್ತು. ಖಾದರ್ ಭಾಯಿ ಹೊಲಿದ ಅಂಗಿಗಳು ಮಂಕಾಗಿವೆ ಎಂದು ಅವುಗಳ ಮೇಲೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ಎದೆಕವಚ ಕಟ್ಟಿದರು. ಭಾಯಿ ಒಂದನ್ನು ಬೆರಳಲ್ಲಿ ತಟ್ಟಿ ನೋಡಿ, ಬಕೆಟ್ಟಿನ ಜಾತಿ ಎಂದು ಸಣ್ಣಗೆ ಹೇಳಿ ಸುಮ್ಮನಾದರು. ನಾನು ಸುಮ್ಮನಾಗುವವನೆ? ಸಹಾಯಕ ನಿರ್ದೇಶಕನೆಂಬ ತಾಳ್ಮೆಯ ತರುಣನ ಬಳಿ ಹೋಗಿ ಕವಚ ತಪ್ಪು ಎಂದೆ. ಈಟಿಯ ಮೊನೆ ತಪ್ಪು, ಬಾವುಟ ತಪ್ಪು, ಎದುರು ಪಕ್ಷದ ಸೈನಿಕರ ಬೂಟು ತಪ್ಪು ಎಂದೆ. ಆತ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟ: "ಸಾರ್, ದೂರದಿಂದ ಕಾಣಲ್ಲ." ಸಿಟ್ಟು ಬಂತು. ಆದರೆ ಯೋಚಿಸಿದರೆ ನಾನು ಪಾಠ ಮಾಡಿದ್ದೂ ಹೀಗೆಯೇ. ಐನೂರು ವರ್ಷದ ದೂರದಿಂದ ಯಾರ ಕಾಲಲ್ಲಿ ಏನಿತ್ತೆಂದು ನನಗೇನು ಕಾಣುತ್ತಿತ್ತು?

ಪೂರ್ವಕ್ಕೆ ಸೋಲಾರ್ ಪಾರ್ಕಿನ ಗಾಜುಗಳು ಕೆರೆಯಂತೆ ಮಿನುಗುತ್ತಿದ್ದವು. ಅವು ಕ್ಯಾಮೆರಾಕ್ಕೆ ಬೀಳಬಾರದೆಂದು ಯುದ್ಧವನ್ನೇ ಪಶ್ಚಿಮಕ್ಕೆ ತಿರುಗಿಸಿದರು. ಆಮೇಲೆ ಫೈಟ್ ಮಾಸ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾತ್ರ ವಿವರಿಸಿದರು. ನಾವು ಸೋತ ಸೈನ್ಯ. ಹಿಂದಿನಿಂದ ಕುದುರೆಗಳು ಬರುತ್ತವೆ. ನಾವು ಆಯುಧ ಬಿಸಾಡಿ ಬೆನ್ನು ತಿರುಗಿಸಿ ಓಡಬೇಕು. ಎರಡನೆಯ ಕೆಂಪು ಬಾವುಟ ದಾಟುವವರೆಗೆ ಓಡಿದರೆ ಆಯಿತು, ಊಟ.

ಓಡುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ. ಸಂಸ್ಕೃತದಿಂದ ಬಂದ ಪಲಾಯನ ಇದೆ, ಅದರಲ್ಲಿ ಸ್ವಲ್ಪ ಗಾಂಭೀರ್ಯ ಉಳಿದಿದೆ. ಪರಾರಿ ಇದೆ, ಅದರ ಹಿಂದೆ ಪೊಲೀಸರಿದ್ದಾರೆ. ಬೆನ್ನು ತೋರಿಸಿದ ಎಂದರೆ ಅವಮಾನ. ಆದರೆ ಯಾರೋ ಪುಣ್ಯಾತ್ಮ ಹಿರಿಯರು 'ಕಾಲಿಗೆ ಬುದ್ಧಿ ಹೇಳಿದ' ಎಂಬ ಮಾತನ್ನೂ ಕಟ್ಟಿಟ್ಟಿದ್ದಾರೆ. ಗೇಲಿಗೇ ಹೇಳುವುದು, ನಿಜ. ಆದರೂ ಒಳಗೆ ಬುದ್ಧಿ ಎಂಬ ಶಬ್ದ ಕೂತಿದೆ. ಮೂವತ್ತೆರಡು ವರ್ಷ ತಲೆಗಳಿಗೆ ಬುದ್ಧಿ ಹೇಳಿ ಸೋತ ನಾನು ಈಗ ಕಾಲಿಗೆ ಹೇಳಿ ನೋಡೋಣ ಎಂದು ಪಂಚೆ ಬಿಗಿದೆ.

ಚಿತ್ತಯ್ಯ ಮಾತ್ರ ಈಟಿ ನೆಲಕ್ಕೂರಿ ನಿಂತುಬಿಟ್ಟ.

"ನಾನ್ ಓಡಲ್ಲ ಕಣಪ್ಪ. ಬೇಕಾದ್ರೆ ಇಲ್ಲೇ ಸಾಯ್ತೀನಿ" ಎಂದ.

ಸಹಾಯಕ ನಿರ್ದೇಶಕ ನಕ್ಕು, ಸಾಯುವವರು ಬೇರೆ ಇದ್ದಾರೆ, ಅವರು ಚೆನ್ನೈಯಿಂದ ಬಂದಿದ್ದಾರೆ ಎಂದು ತಿಳಿಹೇಳಿದ. ಚಿತ್ತಯ್ಯ ಕದಲಲಿಲ್ಲ. ಅವನು ಸಿಟ್ಟಾಗಿರಲಿಲ್ಲ, ಹಟದ ಮುಖವೂ ಅಲ್ಲ. ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಇದು ಸಿನಿಮಾ ಅಂತ ನಂಗೊತ್ತು ಮೇಷ್ಟ್ರೇ. ಆದ್ರೆ ಸೋಮಾರ ಆ ಕಲ್ಲಿನ ಮುಂದೆ ಹೆಂಗೆ ನಿಂತ್ಕಳ್ಳಲಿ?" ಎಂದ. ಕಲ್ಲಿನ ಕಾಲಮಾನ ಹೇಳಬಲ್ಲೆ, ಕೆತ್ತನೆಯ ಲಕ್ಷಣ ಹೇಳಬಲ್ಲೆ. ಅದರ ಎದುರು ನಿಲ್ಲುವುದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಬಿಸಿಲು ಏರುತ್ತಿತ್ತು. ಕುದುರೆಗಳು ಬೆವರುತ್ತಿದ್ದವು. ಒಬ್ಬ ನಿಂತರೆ ಎಲ್ಲರ ದೃಶ್ಯ ಕೆಡುತ್ತದೆ, ಇಡೀ ಬಳಗವನ್ನೇ ವಾಪಸು ಕಳಿಸುತ್ತೇವೆ ಎಂಬ ಮಾತೂ ಹೊರಬಿತ್ತು. ನಮ್ಮವರಲ್ಲೇ ಕೆಲವರು ಗೊಣಗತೊಡಗಿದರು. ನಾಲ್ಕು ವರ್ಷದಲ್ಲಿ ಒಂದು ಒಡಕು ಮಾತು ಕೇಳದ ಬಳಗ ಪ್ಲಾಸ್ಟಿಕ್ ಕವಚದೊಳಗೆ ಬಿರುಕು ಬಿಡುತ್ತಿತ್ತು. ಚಿತ್ತಯ್ಯನನ್ನು ಒತ್ತಾಯಿಸಲು ನನಗೆ ಮನಸ್ಸಿಲ್ಲ. ಉಳಿದವರ ಆಸೆ ಮುರಿಯಲೂ ಮನಸ್ಸಿಲ್ಲ. ನಾಯಕನಾದವನು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ನಾನೂ ಮಾಡಿದೆ. ನೀರು ಕುಡಿಯಲು ಹೋದೆ.

ನೀರಿನ ಹತ್ತಿರ ಕರಿಯಮ್ಮ ಬಿಂದಿಗೆ ಇಳಿಸಿ ಕೂತಿದ್ದರು. ಸಂಗತಿ ಕೇಳಿ ಎದ್ದು ನೇರ ಗಂಡನ ಎದುರಿಗೆ ಬಂದರು. ಆದರೆ ಆಕೆ ಗಂಡನ ಜೊತೆ ನಾಲ್ಕು ಜನರ ಮುಂದೆ ನೇರವಾಗಿ ಮಾತಾಡುವವರಲ್ಲ. ಮುಖ ನನ್ನ ಕಡೆ ತಿರುಗಿಸಿ ಹೇಳಿದರು:

"ನೀವೇ ಹೇಳಿ ಮೇಷ್ಟ್ರೇ. ಆ ಕಾಲ್ದಾಗೆ ಎಲ್ಲಾರೂ ನಿಂತ್ಕಂಡು ಸತ್ತೋಗಿದ್ರೆ ಇವ್ರು ಎಲ್ಲಿಂದ ಹುಟ್ತಿದ್ರು? ಕಲ್ಲಾದೋನು ಒಬ್ಬ. ಓಡ್ಬಂದು ಮನೆ ಸೇರ್ಕಂಡೋರ್ಗಲ್ವಾ ಮಕ್ಳುಮರಿ ಆಗಿದ್ದು? ಆ ಕಲ್ಲಿಗೆ ನೀರು ಹಾಕೋಕೂ ಒಬ್ರು ಬದುಕಿರ್ಬೇಕಲ್ಲ."

ಇಷ್ಟು ಹೇಳಿ ಬಿಂದಿಗೆ ಎತ್ತಿಕೊಂಡು ತಮ್ಮ ಜಾಗಕ್ಕೆ ಹೋದರು. ಚಿತ್ತಯ್ಯ ನೆಲಕ್ಕೂರಿದ್ದ ಈಟಿ ಕಿತ್ತ. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಾಗಿ ಸಾಲಿನಲ್ಲಿ ಬಂದು ನಿಂತ. ಓಡುವುದೇ ಆದರೆ ಸರಿಯಾಗಿ ಓಡಬೇಕು ಎನ್ನುವವನ ಹಾಗೆ.

ಓಡಿದೆವು. ಮೊದಲ ಇಪ್ಪತ್ತು ಹೆಜ್ಜೆ ನಾನು ಅಭಿನಯಿಸಿದೆ. ಬೆನ್ನ ಹಿಂದೆ ಗೊರಸಿನ ಸದ್ದು ಕೇಳಿದ ಮೇಲೆ ಅಭಿನಯ ತಾನಾಗಿ ನಿಂತು ಕಾಲುಗಳೇ ನನಗೆ ಬುದ್ಧಿ ಹೇಳತೊಡಗಿದವು. ಧೂಳು ಎಷ್ಟೆಂದರೆ ಮುಂದಿನವನ ಬೆನ್ನೂ ಕಾಣದು. ಮೊದಲ ಬಾವುಟ ದಾಟಿದ್ದೆನೋ ಇಲ್ಲವೋ, ಯಾರೋ ಬಿಸಾಡಿದ ಈಟಿ ಕಾಲಿಗೆ ತೊಡರಿತು. ಮುಗ್ಗರಿಸಿ ಬಿದ್ದೆ. ಪಾದ ಹೊರಳಿತು. ಏಳಲು ನೋಡಿದೆ, ಆಗಲಿಲ್ಲ. ಕೂಗಿದೆ, ಆ ಗದ್ದಲದಲ್ಲಿ ಅದು ಚೆನ್ನಾಗಿ ಅಭಿನಯಿಸಿದ ಕೂಗೆಂದೇ ಎಲ್ಲರೂ ತಿಳಿದಿರಬೇಕು. ನೆಲ ಅಂಗೈಯ ಕೆಳಗೆ ಅದುರುತ್ತಿತ್ತು. ಸವಾರರಿಗೆ ನಾನು ಕಾಣುವುದಿಲ್ಲ ಎಂದು ಆ ಕ್ಷಣ ಸ್ಪಷ್ಟವಾಗಿ ಹೊಳೆಯಿತು. ಸುಳ್ಳೇಕೆ, ಚರಿತ್ರೆ ನೆನಪಾಗಲಿಲ್ಲ. ಹೆಂಡತಿಗೆ ಹೇಳದೆ ಬಂದಿದ್ದು ನೆನಪಾಯಿತು.

ಧೂಳಿನೊಳಗಿಂದ ಎರಡು ಬರಿಗಾಲು ನನ್ನ ಕಡೆಗೇ ಓಡಿ ಬಂದವು. ಎಲ್ಲರೂ ಪಶ್ಚಿಮಕ್ಕೆ ಓಡುತ್ತಿದ್ದಾಗ ಅವು ಪೂರ್ವಕ್ಕೆ ಬಂದವು. ಚಿತ್ತಯ್ಯ ಬಗ್ಗಿ, ನನ್ನ ಎರಡು ಕೈ ಒಂದು ಕಡೆ, ಎರಡು ಕಾಲು ಒಂದು ಕಡೆ ಹಿಡಿದು, ಕುಂಟುವ ಕುರಿಯನ್ನು ಹೊರುವ ಹಾಗೆ ಕುತ್ತಿಗೆಯ ಮೇಲೆ ಅಡ್ಡಡ್ಡ ಹಾಕಿಕೊಂಡ. ನಾನು ಗಾಬರಿಯಲ್ಲಿ ಕಾಲು ಬಡಿದೆ.

"ಸುಮ್ಕಿರಿ ಮೇಷ್ಟ್ರೇ, ಒದೀಬ್ಯಾಡಿ" ಎಂದವನೇ ಓಟ ಹೊಡೆದ.

ಕುದುರೆಗಳು ನಮ್ಮ ಎಡಕ್ಕೆ ಮಾರು ದೂರದಲ್ಲಿ ಹಾದುಹೋದವು. ಎರಡನೆಯ ಬಾವುಟ ದಾಟಿದ ಮೇಲೂ ಅವನು ಇಪ್ಪತ್ತು ಹೆಜ್ಜೆ ಹೆಚ್ಚಿಗೆ ಓಡಿ ಒಂದು ಜಾಲಿಯ ನೆರಳಿನಲ್ಲಿ ನನ್ನನ್ನು ಮೆಲ್ಲಗೆ ಇಳಿಸಿದ. ಖಾದರ್ ಭಾಯಿ ಏದುಸಿರು ಬಿಡುತ್ತಾ ಬಂದು, ತಮ್ಮದೇ ಅಂಗಿಯ ಹೊಲಿಗೆ ಬಿಚ್ಚಿ ಹತ್ತಿ ತೆಗೆದು, ಪೇಟ ಹರಿದು ನನ್ನ ಪಾದಕ್ಕೆ ಕಟ್ಟಿದರು. ಪ್ಲಾಸ್ಟಿಕ್ ಕವಚದಲ್ಲಿ ಇದು ಆಗ್ತಿತ್ತಾ ಎಂದು ಯಾರನ್ನೂ ನೋಡದೆ ಕೇಳಿದರು.

ನಿರ್ದೇಶಕರು ಬಿಳಿಚಿಕೊಂಡು ಓಡಿ ಬಂದರು. ನನ್ನ ಕಾಲು ಮುಟ್ಟಿ ನೋಡಿದರು, ಕ್ಷಮೆ ಕೇಳಿದರು, ನೀರು ಕೊಡಿಸಿದರು. ಆಮೇಲೆ ಕೊಂಚ ಸಂಕೋಚದಿಂದ, ಹೊತ್ತುಕೊಂಡು ಓಡಿದ್ದು ಬಹಳ ಚೆನ್ನಾಗಿತ್ತು, ಆದರೆ ಧೂಳಿನಲ್ಲಿ ಕ್ಯಾಮೆರಾಕ್ಕೆ ಸರಿಯಾಗಿ ಸಿಕ್ಕಿಲ್ಲ, ಇನ್ನೊಂದು ಸಲ ಆಗಬಹುದೇ ಎಂದು ಕೇಳಿದರು. ಈ ಸಲ ಕುದುರೆಗಳನ್ನು ದೂರ ನಿಲ್ಲಿಸಿದರು. ಇನ್ನೊಂದು ಸಲ ಎಂಬುದು ಮೂರು ಸಲವಾಯಿತು. ಮೂರು ಸಲವೂ ಚಿತ್ತಯ್ಯ ಬೇಸರಿಸದೆ ಹೊತ್ತ. ಮೂರನೆಯ ಸಲ ಇಳಿಸುವಾಗ, ಕುರಿಯಾದರೆ ಇಷ್ಟು ಹೊತ್ತಿಗೆ ಹೆಗಲಿಗೆ ಹೊಂದಿಕೊಂಡಿರುತ್ತಿತ್ತು ಎಂದಷ್ಟೇ ಹೇಳಿದ.

ಮುಂದಿನ ವಾರ ಅವನು ಸಿಕ್ಕಾಗ ನಾನು ಅಳುಕುತ್ತಲೇ ಕಲ್ಲಿನ ಸುದ್ದಿ ಕೇಳಿದೆ. ಸೋಮವಾರ ಎಂದಿನಂತೆ ನೀರೆರೆದು, ನಡೆದದ್ದನ್ನು ಬಿಡದೆ ಒಪ್ಪಿಸಿದನಂತೆ. ಏನೂ ಅನ್ನಲಿಲ್ಲವೇ ಅಜ್ಜ ಎಂದೆ.

"ಓಡ್ದೆ ಅಂದಾಗ ಸುಮ್ಕಿದ್ದ. ಹೊತ್ಕಂಡು ಓಡ್ದೆ ಅಂದೆ. ಆಗ್ಲೂ ಸುಮ್ಕಿದ್ದ" ಎಂದು ನಕ್ಕ. ಅವನ ಎದೆಯ ಭಾರ ಇಳಿದಿದ್ದು ಆ ನಗೆಯಲ್ಲಿ ಕಂಡಿತು.

ಸಿನಿಮಾ ಬಂದಾಗ ಬಳಗವೆಲ್ಲ ಸೇರಿ ಶಿರಾದಲ್ಲಿ ಮಧ್ಯಾಹ್ನದ ಆಟಕ್ಕೆ ಹೋದೆವು. ನನ್ನ ಹೆಂಡತಿಯೂ ಬಂದಳು, ಸಾಕ್ಷಿ ನೋಡಲು. ನಮ್ಮ ಯುದ್ಧ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಧೂಳು, ಕೂಗು, ಅದರೊಳಗೆ ಬೆನ್ನ ಮೇಲೆ ಏನನ್ನೋ ಹೊತ್ತು ಓಡುವ ಒಂದು ಆಕಾರ. ಆ ಏನೋ ಎಂಬುದು ನಾನು. ಗೋಧಿ ಚೀಲವೆಂದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕರಿಯಮ್ಮ ಮಾತ್ರ ಆ ಧೂಳಿನಲ್ಲೂ ನಡಿಗೆ ಗುರುತು ಹಿಡಿದು, ಅಗೋ ಇವ್ರೇ, ಎಂದು ಪಕ್ಕದವರಿಗೆ ತೋರಿಸಿದರು.

ಮೊನ್ನೆ ಭಾನುವಾರ ಕೊರಟಗೆರೆ ಕಡೆಯ ಒಂದು ಶಾಲೆಯ ಮಕ್ಕಳು ಕೋಟೆಗೆ ಬಂದಿದ್ದರು. ಎರಡು ಜಡೆಯ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಚಿತ್ತಯ್ಯನ ಮುಂದೆ ನಿಂತು, ನೀವು ಗೆದ್ದವರೋ ಸೋತವರೋ ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು ಪಾಳೇಗಾರರ ಏಳುಬೀಳುಗಳನ್ನು ವಿವರಿಸಲು ಸಿದ್ಧನಾದೆ. ಅಷ್ಟರಲ್ಲಿ ಚಿತ್ತಯ್ಯನೇ ಹೇಳಿದ:

"ಮನೆಗೆ ವಾಪಸ್ ಹೋದೋರು ಕಣಮ್ಮ."

"ಹೋಗಿ ಏನ್ಮಾಡಿದ್ರಿ?"

"ಬೆಳಿಗ್ಗೆ ಎದ್ದು ಹೊಲಕ್ಕೆ ಹೋದ್ವಿ."

ಹುಡುಗಿ ಅದನ್ನು ಗಂಭೀರವಾಗಿ ಬರೆದುಕೊಂಡಳು. ನಾನು ಇಣುಕಿ ನೋಡಿದೆ. ಯುದ್ಧದ ಪರಿಣಾಮಗಳು ಎಂಬ ತಲೆಬರಹದ ಕೆಳಗೆ ಆ ಒಂದೇ ಸಾಲಿತ್ತು. ಹಳೆಯ ಅಭ್ಯಾಸ, ಕೆಂಪು ಪೆನ್ನಿಗಾಗಿ ಕೈ ಎದೆಯ ಮೇಲೆ ತಡಕಾಡಿತು. ಕಾವಲುಗಾರನ ಅಂಗಿಗೆ ಜೇಬಿರುವುದಿಲ್ಲ. ಇದ್ದಿದ್ದರೂ ತಿದ್ದುವುದಕ್ಕೆ ಅಲ್ಲೇನೂ ಇರಲಿಲ್ಲ.