ಆರು ದಿನ ನಾಟದ ಔಷಧ

ದೆವ್ವ, ಶಕುನ, ಕನಸಿನ ಸೂಚನೆ ಯಾವುದನ್ನೂ ನಾನು ನಂಬಿದವಳಲ್ಲ. ಇಂಥ ಕಥೆ ಹೇಳುವವರ ಎದುರಿಗೇ ನಕ್ಕಿದ್ದೇನೆ. ನೀವೂ ನಕ್ಕರೆ ಬೇಸರವಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ನಾನು ಹುಮನಾಬಾದಿನವಳು, ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಕೆಲಸ. ಕ್ಯಾನ್ಸರ್ ಔಷಧ ಜೀವಕೋಶದೊಳಗೆ ಹೊಕ್ಕ ಮೇಲೆ ಏನು ಮಾಡುತ್ತದೆ ಎಂದು ನೋಡುವುದು ನಮ್ಮ ಕಸುಬು. ಕೋಶಗಳನ್ನು ಒಡೆದು, ಒಳಗಿನ ಸಾವಿರಾರು ಪ್ರೋಟೀನುಗಳನ್ನು ಯಂತ್ರದಲ್ಲಿ ತೂಗಿದರೆ ಯಾವುದು ಏರಿತು, ಯಾವುದು ಇಳಿಯಿತು ಎಂದು ತಿಳಿಯುತ್ತದೆ. ಔಷಧ ತಾಗಿದ ಕೋಶದ ಗುರುತೇ ಬೇರೆ.

ಬಸವಕಲ್ಯಾಣದ ಆಚೆಯ ಕೊಹಿನೂರು ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ಅಕ್ಕ ಗೌತಮಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ವೈದ್ಯರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅವಳ ಎದೆಯಿಂದ ತೆಗೆದ ನೀರಿನಲ್ಲಿದ್ದ ಕೋಶಗಳನ್ನು, ಅವಳ ಒಪ್ಪಿಗೆ ಪಡೆದು, ನಮ್ಮಲ್ಲಿ ತಟ್ಟೆಗಳಲ್ಲಿ ಬೆಳೆಸಿದೆವು. ಅದೇ ಔಷಧವನ್ನು ದಿನವೂ ಹಾಕಿ, ದಿನವೂ ಸ್ವಲ್ಪ ಕೋಶ ತೆಗೆದು ತೂಗುತ್ತಿದ್ದೆ. ಔಷಧ ನಾಟುತ್ತಿತ್ತು. ಯಂತ್ರದ ಪರದೆಯ ಮೇಲೆ ಆ ಗುರುತಿನ ಗೆರೆಗಳನ್ನು ನೋಡಿದ ಮೇಲೆಯೇ ನನಗೆ ಅನ್ನ ಇಳಿಯುತ್ತಿತ್ತು.

ಒಂದು ಗುರುವಾರದಿಂದ ಔಷಧ ನಾಟುವುದೇ ನಿಂತಿತು. ಔಷಧ ಹಾಕಿದ ಕೋಶಗಳು ಹಾಕದವುಗಳಂತೆಯೇ ಕಂಡವು. ಕೋಶಗಳು ಔಷಧಕ್ಕೆ ಒಗ್ಗಿಕೊಳ್ಳುವುದುಂಟು, ಆದರೆ ಹೀಗೆ ರಾತ್ರಿ ಬೆಳಗಾಗುವುದರೊಳಗೆ ಅಲ್ಲ. ಅದೇ ಬಾಟಲಿಯ ಔಷಧ ಬೇರೆ ರೋಗಿಗಳ ಕೋಶಗಳ ಮೇಲೆ ಎಂದಿನಂತೆ ನಡೆಯುತ್ತಿತ್ತು. ಆರನೆಯ ದಿನ ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿದೆ.

"ಗುಳಿಗಿ ತಗೊಳ್ಳಾಕತ್ತೀ ಇಲ್ಲೋ?"

"ನಿಂಗ ಯಾರ್ ಹೇಳ್ಯಾರ? ಗುರುವಾರದಿಂದ ನುಂಗಿಲ್ಲ ತಂಗಿ. ನಿಮ್ಮ ಭಾವ ಕೈಯಾಗ ಕೊಟ್ಟು ಹೋಗ್ತಾರ, ನಾ ತೊಗರಿ ಡಬ್ಬಿದಾಗ ಹಾಕ್ತೀನಿ. ಬಾಯಿ ಎಲ್ಲ ಹುಣ್ಣ ಆಗ್ಯಾದ. ಸಾಕಾಗ್ಯಾದ ನಂಗ."

ಮರುದಿನ ಮೊದಲ ಬಸ್ಸಿಗೇ ಹೊರಟೆ. ಹುಮನಾಬಾದಿನಲ್ಲಿ ಇಳಿದರೂ ಮನೆಗೆ ಹೋಗದೆ, ಬಸವಕಲ್ಯಾಣ ದಾಟಿ ಮಧ್ಯಾಹ್ನ ಎರಡರ ಮೇಲೆ ಕೊಹಿನೂರು ಸೇರಿದೆ. ಅಕ್ಕನ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಅವಳ ಕಾಲು ಹಿಡಿದು ಅತ್ತೆ. "ನನ್ನ ಸಲುವಾಗಿ ನುಂಗು, ನನಗ ಮತ್ಯಾರದಾರ?" ಎಂದೆ. ಮಜ್ಜಿಗೆಯೊಂದಿಗೆ ಕಣ್ಣು ಮುಚ್ಚಿ ನುಂಗಿದಳು. ತಟ್ಟೆಯ ಕೋಶಗಳ ಸಂಗತಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಅಲ್ಲಿ ಅವುಕ್ಕ ನೋಯ್ತದೇನು?"

ಅಂದು ಪ್ರಯೋಗಾಲಯದ ಕೆಲಸವನ್ನು ಗೆಳತಿ ಫರ್ಜಾನಾಗೆ ಒಪ್ಪಿಸಿದ್ದೆ. ಅವಳು ಬೆಳಗ್ಗೆ ಔಷಧ ಹಾಕಿ, ನಡುಹಗಲಿಗೊಮ್ಮೆ, ಸಂಜೆಗೊಮ್ಮೆ ಕೋಶ ತೆಗೆದಿಟ್ಟಿದ್ದಳು. ನಡುಹಗಲಿನವುಗಳಲ್ಲಿ ಔಷಧದ ಸುಳಿವಿಲ್ಲ. ಸಂಜೆಯವುಗಳಲ್ಲಿ ಮೊದಲಿನ ಗುರುತು ಪೂರ್ತಿ ಇತ್ತು.

"ಆ ಆರು ದಿನ ದುಃಖದಾಗ ನೀನೇ ಔಷಧ ಹಾಕೋದು ಮರ್ತಿದ್ದಿ," ಎಂದಳು ಫರ್ಜಾನಾ. ಇರಬಹುದು. ಆದರೆ ಅಂದು ಹಾಕಿದವಳು ಅವಳು. ಪುಸ್ತಕದಲ್ಲಿ 'ಪ್ರಯೋಗದ ದೋಷ' ಎಂದು ಬರೆದು ಮುಗಿಸಿದೆವು.

ಅಕ್ಕ ಮುಂದೆ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ಆದರೂ ಏಳು ತಿಂಗಳಿಗೆ ಹೋದಳು. ಅವಳ ಆ ಕೊನೆಯ ದಿನಗಳ ಸಂಕಟವನ್ನು ಕಾಲು ಹಿಡಿದು ಬೇಡಿ ತಂದವಳು ನಾನೇ ಅಲ್ಲವೇ ಎಂದು ಈಗಲೂ ಅನಿಸುತ್ತದೆ.

ಅವಳ ಕೋಶಗಳ ಎರಡು ಕೊಳವೆಗಳು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿ ಉಳಿದಿವೆ. ಬೆಚ್ಚಗೆ ಮಾಡಿದರೆ ಮತ್ತೆ ಬೆಳೆದಾವು. ಔಷಧ ಹಾಕಿ ತೂಗಿದರೆ, ನುಂಗುವ ಅಕ್ಕನಿಲ್ಲದೆಯೂ ಅದು ನಾಟುತ್ತದೆಯೇ ಎಂದು ತಿಳಿದೀತು. ಎರಡು ಸಲ ಹೊರತೆಗೆದಿದ್ದೇನೆ. ಅಕ್ಕ ಅಂದು ಕೇಳಿದ ಮಾತು ನೆನಪಾಗಿ ಎರಡು ಸಲವೂ ತಿರುಗಿ ಇಟ್ಟಿದ್ದೇನೆ.