ಎಮ್ಮೆ ಕೊಟ್ಟು ತಂದ ಬೋಳುಕಾರು

ಆಗೆಲ್ಲ ನಂಜನಗೂಡಿನ ನಮ್ಮ ಹೊಳೆದಂಡೆ ಬೀದಿಯಲ್ಲಿ ಮನೆಗೊಂದು ಎಮ್ಮೆ ಇರುವುದು ಸುದ್ದಿಯಲ್ಲ, ಇಲ್ಲದಿರುವುದು ಸುದ್ದಿ. ಸಂಜೆಯಾದರೆ ಬೀದಿ ತುಂಬ ಸಗಣಿ, ಹಿಂಡಿ, ಹಸಿಹುಲ್ಲಿನ ವಾಸನೆ. ಕಪಿಲೆಯ ಕಡೆಯಿಂದ ಗಾಳಿ ಬೀಸಿದರೆ ಒದ್ದೆ ಮರಳಿನ ವಾಸನೆಯೂ ಸೇರಿಕೊಳ್ಳುತ್ತಿತ್ತು. ಅಂಥ ಬೀದಿಯಲ್ಲಿ ಒಂದು ದಿನ ನಮ್ಮ ಕೊಟ್ಟಿಗೆಯಿಂದ ಎಮ್ಮೆ ಹೊರಗೆ ಹೋಯಿತು, ಕಾರು ಒಳಗೆ ಬಂತು. ತೊಂಬತ್ತರ ದಶಕದ ನಡುವಿನ ಮಾತು. ನನಗೆ ಹನ್ನೊಂದು ವರ್ಷ.

ಅದು ಕಾರು ಅಂತ ಅಪ್ಪ ಹೇಳಿದ್ದಕ್ಕೆ ನಂಬಬೇಕಿತ್ತು. ಎರಡೇ ಸೀಟು, ಎರಡೇ ಬಾಗಿಲು, ತಲೆ ಮೇಲೆ ಏನೂ ಇಲ್ಲ, ಮೂತಿ ಮಾತ್ರ ಉದ್ದ. ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದ ವಿಲಾಯ್ತಿ ರೇಸ್ ಕಾರಂತೆ. ಕಳಲೆ ಹತ್ತಿರ ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಹಿಂದೆ ವರ್ಷಗಟ್ಟಲೆ ನಿಂತಿತ್ತು, ಡಿಕ್ಕಿಯೊಳಗೆ ಕೋಳಿಗಳು ಕಾವಿಗೆ ಕೂರುತ್ತಿದ್ದವು. ಗಿರಣಿ ಯಜಮಾನರಿಗೆ ಹಾಲು ಕರೆಯುವ ಎಮ್ಮೆ ಬೇಕಿತ್ತು, ನಮ್ಮಪ್ಪನಿಗೆ ಆ ಕಾರು ಬೇಕಿತ್ತು. ಅದಲು ಬದಲು ಆಯಿತು. ಬೀದಿಯವರು ಬೋಳುಕಾರು ಅಂತ ಹೆಸರಿಟ್ಟರು.

"ಏನ್ ಸಿದ್ದಪ್ಪ, ಹೊಸಾ ಎಮ್ಮೆ ಎಷ್ಟು ಲೀಟ್ರು ಕರಿತದೆ?" ಅಂತ ಹೋಗೋರು ಬರೋರೆಲ್ಲ ಕೇಳುವುದು.

"ಇನ್ನೂ ಗಬ್ಬ ಕಣಣ್ಣ. ದಸರಕ್ಕೆ ಈಯ್ತದೆ" ಅಂತ ಅಪ್ಪ ತಲೆಯೆತ್ತದೆ ಹೇಳುವುದು.

ಅವ್ವ ಮಾತ್ರ ನಗಲಿಲ್ಲ. ಎಮ್ಮೆ ಅವಳದು, ತವರಿಂದ ಬಂದದ್ದು. ಆ ಮುಂಗಾರು ಪೂರ್ತಿ ನಾವು ಬೆಲ್ಲದ ಕಪ್ಪು ಕಾಫಿ ಕುಡಿದೆವು. ಲೋಟವನ್ನು ಅಪ್ಪನ ಮುಂದೆ ಕುಕ್ಕಿ, "ಹಾಲು ಬೇಕಾದ್ರೆ ಓಗಿ ಅದ್ರ ಕೆಚ್ಚಲು ತಡವಿ" ಅನ್ನುತ್ತಿದ್ದಳು.

ಅಪ್ಪನಿಗೆ ಹುಚ್ಚು ಹಿಡಿದಿತ್ತು ಅಂತಲ್ಲ. ಅವನು ಪಂಪ್‌ಸೆಟ್ ರಿಪೇರಿಯವನು. ಬಿಳಿಗೆರೆ ಕಡೆ ಗದ್ದೆ ಬದುಗಳಲ್ಲಿ, ಬಾವಿಗಳಲ್ಲಿ ಇಳಿದು ಹತ್ತಿ ಜೀವನ ಸವೆಸಿದವನು. ಒಂದು ಸಲ ಮೈಸೂರಿನ ವಕೀಲರೊಬ್ಬರ ತೋಟದ ಮೋಟಾರು ಸರಿಮಾಡಲು ಹೋಗಿದ್ದಾಗ ಅವರ ಷೆಡ್ಡಿನಲ್ಲಿ ಹಳೇ ಕಾರುಗಳ ಸಾಲು ಕಂಡಿದ್ದ. ವಕೀಲರು ಇವನ ಕೈಗುಣ ನೋಡಿ ಹೇಳಿದ್ದರು, "ಅಂಥದ್ದೊಂದನ್ನು ನೀನೇ ಎಬ್ಬಿಸಿ ನಿಲ್ಲಿಸಿ, ದಸರಾ ಒಳಗೆ ಓಡಿಸಿಕೊಂಡು ನನ್ನ ಗೇಟಿಗೆ ಬಾ. ಕಾರನ್ನೂ ತಗೋತೀನಿ, ನಿನ್ನನ್ನೂ ಇಟ್ಕೋತೀನಿ. ಷೆಡ್ಡಿನ ಬೀಗದಕೈ ನಿನ್ನದು." ದಸರಾ ದಾಟಿದರೆ ಆ ಜಾಗಕ್ಕೆ ಬೇರೆ ಮೆಕ್ಯಾನಿಕ್ ಬರುವುದಿತ್ತು. ಹೀಗೆ ನಮ್ಮ ಎಮ್ಮೆ ಹೋಯಿತು.

ಕೈಯಲ್ಲಿ ಕಾಸಿಲ್ಲದವನು ಕಾರು ರಿಪೇರಿ ಮಾಡುವುದನ್ನು ನೀವು ನೋಡಬೇಕಿತ್ತು. ಪೆಟ್ರೋಲ್ ಟ್ಯಾಂಕಿಗೆ ವಾಷಿಂಗ್ ಸೋಡಾ ಹಾಕಿ ಅವ್ವನ ನೀರೊಲೆ ಮೇಲೆ ಕುದಿಸಿದ. ಬೆಲ್ಟು ಹಿಟ್ಟಿನ ಮಿಲ್ಲಿನದು, ಬೇರಿಂಗು ಪಂಪ್‌ಸೆಟ್ಟಿನದು. ಸೀಟಿಗೆ ತೆಂಗಿನ ನಾರು ತುಂಬಿ ಲಾರಿ ಟಾರ್ಪಾಲು ಹೊಲಿದದ್ದು. ನಾನು ಸ್ಕೂಲಿಂದ ಬಂದು ಉಪ್ಸಾರು ಮುದ್ದೆ ಉಂಡು ಉಪ್ಪುಕಾಗದದಲ್ಲಿ ತುಕ್ಕು ಉಜ್ಜುತ್ತಿದ್ದೆ. ನನ್ನ ಗೆಳತಿಯರು ಕುಂಟೆಬಿಲ್ಲೆ ಬಿಟ್ಟು ಬಂದು ಸ್ಟೇರಿಂಗ್ ಮುಟ್ಟಿ ಹೋಗುವರು. ಮುಟ್ಟಬಹುದು, ಹತ್ತುವಂತಿಲ್ಲ. ಅಪ್ಪನ ಕಟ್ಟಪ್ಪಣೆ ಅದು.

"ಇದ್ರೊಳಗೆ ಮೊದ್ಲು ಕೂರೋಳು ನಿಮ್ಮವ್ವ. ಎಮ್ಮೆ ಅವಳ್ದು."

"ಸತ್ರೂ ಕೂರಕ್ಕಿಲ್ಲ" ಅಂತ ಒಳಗಿಂದ ಅವ್ವ.

ದೊಡ್ಡ ತಲೆನೋವು ಕಾರಿನ ತಳದ್ದು. ತುಕ್ಕು ತಿಂದು ಜರಡಿಯಾಗಿತ್ತು. ಹೊಸ ತಗಡು ಹಾಕಿಸುವ ಶಕ್ತಿ ನಮಗಿರಲಿಲ್ಲ. ಆಗ ಟಿ. ನರಸೀಪುರದಿಂದ ಅವ್ವನ ಅಣ್ಣ ನಿಂಗಮಾವ ಬಂದ. ಸಂಗಮದ ದಡದಲ್ಲಿ ಹರಿಗೋಲು ಹೆಣೆಯುವುದು ಅವರ ಮನೆತನದ ಕಸುಬು. ತಳದ ಕೆಳಗೆ ಮಲಗಿ ನೋಡಿ ಎದ್ದವನೇ, "ಬುಡು ಬಾವ, ಹೊಳೆಗೇ ಹೆದರದಂಥ ತಳ ಹಾಕ್ಕೊಡ್ತೀನಿ, ನಿನ್ ರಸ್ತೆ ಯಾವ ಲೆಕ್ಕ?" ಅಂದ.

ಬಿದಿರು ಸೀಳಿ, ಹಳೇ ತಗಡಿನ ಮೇಲೆ ಹರಿಗೋಲಿನ ಹಾಗೇ ನಡುವಿನಿಂದ ಹೆಣಿಗೆ ಹಾಕಿದ. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಕಾದ ಡಾಂಬರು. ಮತ್ತೆ ಗೋಣಿ, ಮತ್ತೆ ಡಾಂಬರು. ಇಡೀ ಬೀದಿಗೆ ಎಂಟು ದಿನ ಆ ವಾಸನೆ. ಕಾರು ಮಾಡಿದವರು ನೀರು ಇಳಿದುಹೋಗಲಿ ಅಂತ ತಳದಲ್ಲಿ ಬಿಟ್ಟಿದ್ದ ತೂತುಗಳನ್ನೂ ಮಾವ ಮೆತ್ತಿಬಿಟ್ಟ. ಅಪ್ಪ ಮೆಲ್ಲಗೆ, "ಬಾವ, ಆ ತೂತು ನೀರು ಓಗಕ್ಕೆ ಬುಟ್ಟಿರದು" ಅಂದ.

"ನೀರು ಒಳಕ್ಕೇ ಬರದಂಗೆ ಮಾಡಿದ್ಮೇಲೆ ಓಗಕ್ಕೆ ತೂತ್ಯಾಕೆ?"

ಹರಿಗೋಲಿಗೆ ಮಾಡುವಂತೆ ಒಳಗೆ ನಾಲ್ಕು ಕೊಡ ನೀರು ಹುಯ್ದು ಒಂದು ದಿನ ಬಿಟ್ಟರು. ಕೆಳಗಿನ ಮಣ್ಣು ಒಣಗಿಯೇ ಇತ್ತು. ಮಾವ ಮೀಸೆ ತಿರುವಿದ. ಆವತ್ತು ಊಟಕ್ಕೆ ಕೂತಾಗ, ಹಿಂದೆ ಸಂಗಮದಲ್ಲಿ ಗಾಡಿ ದಾಟಿಸುತ್ತಿದ್ದ ದೊಡ್ಡ ದೋಣಿಯ ಕತೆ ಹೇಳಿದ. ನೆರೆ ಬರುವ ಸುಳಿವು ಸಿಕ್ಕರೆ ಅವರಪ್ಪ ಅದರ ತಳದ ತೂತಿಗೆ ಹಾಕಿದ ಬಿರಡೆ ಕಿತ್ತು, ಕಲ್ಲು ಹೇರಿ, ದಡದಲ್ಲೇ ಮುಳುಗಿಸಿಬಿಡುತ್ತಿದ್ದನಂತೆ.

"ಯಾಕ್ ಮಾವ, ಮುಳುಗ್ಸೋದು?" ಅಂದೆ.

"ಬರಿದಾಗಿದ್ರೆ ಹೊಳೆ ಎತ್ಕೊಂಡೋಯ್ತದೆ ಕೂಸೇ. ತುಂಬ್ಕೊಂಡಿರದ್ನ ಮುಟ್ಟಕ್ಕಿಲ್ಲ."

ನಮ್ಮ ಹೊಳೆ ನಮ್ಮ ಮಳೆಗೆ ತುಂಬುವುದಲ್ಲ. ವಯನಾಡಿನಲ್ಲಿ ಸುರಿದರೆ ಕಬಿನಿ ಕಟ್ಟೆ ತುಂಬುತ್ತದೆ, ಕಟ್ಟೆ ಬಾಗಿಲು ತೆಗೆದರೆ ನಂಜನಗೂಡಿಗೆ ಬಿಸಿಲಲ್ಲೇ ನೆರೆ ಬರುತ್ತದೆ. ಆವತ್ತೂ ಬಿಸಿಲೇ ಇತ್ತು. ಬೆಳಿಗ್ಗೆ ಅಪ್ಪನೂ ಮಾವನೂ ಬಿಚ್ಚಿದ ಎಂಜಿನ್ನನ್ನು ಟೆಂಪೋಗೆ ಹಾಕಿಕೊಂಡು, ಸಿಲಿಂಡರು ಬೋರು ಮಾಡಿಸಲು ನರಸೀಪುರದ ಲೇತ್ ಅಂಗಡಿಗೆ ಹೋಗಿದ್ದರು. ಪ್ಯಾಚು ಹಾಕಿಸಿದ ಚಕ್ರಗಳು ನನ್ನ ಮಂಚದ ಕೆಳಗಿದ್ದವು. ಎಂಜಿನ್ನೂ ಇಲ್ಲದ, ಚಕ್ರವೂ ಇಲ್ಲದ ಬೋಳುಕಾರು ಕೊಟ್ಟಿಗೆಯಲ್ಲಿ ನಾಲ್ಕು ಸೈಜುಗಲ್ಲಿನ ಮೇಲೆ ಕೂತಿತ್ತು.

ಹತ್ತು ಗಂಟೆಗೆ ಮೈಕು ಕಟ್ಟಿದ ಆಟೋ ಬಂತು. ಹೊಳೆದಂಡೆಯವರೆಲ್ಲ ಸ್ಕೂಲಿಗೆ ಹೋಗಿ ಸೇರಿಕೊಳ್ಳಿ ಅಂತ ಕೂಗಿತು. ನಾನೂ ಅವ್ವನೂ ರಾಗಿ ಚೀಲ, ಪಾತ್ರೆ, ನನ್ನ ಪುಸ್ತಕದ ಬ್ಯಾಗು ಹೊತ್ತು ಎರಡು ಸಲ ಓಡಾಡಿದೆವು. ಮೂರನೇ ಸಲ ಬಂದಾಗ ಬೀದಿಯಲ್ಲಿ ಮೊಣಕಾಲುದ್ದ ಕೆಂಪು ನೀರು. ಕಾರನ್ನು ಎಳೆಸೋಣವೆಂದರೆ ಅದಕ್ಕೆ ಚಕ್ರವಿಲ್ಲ. ಎತ್ತಿಸೋಣವೆಂದರೆ ಗಂಡಸರೆಲ್ಲ ತಮ್ಮ ತಮ್ಮ ಮೂಟೆ, ಮುದುಕಿ, ಆಡು ಹೊತ್ತುಕೊಂಡು ಓಡುತ್ತಿದ್ದರು. ಅವ್ವ ಎಮ್ಮೆಯ ಹಗ್ಗ ತಂದು ಕಾರಿನ ಮುಂದಿನ ಕಬ್ಬಿಣಕ್ಕೆ ಬಿಗಿದು, ಎಮ್ಮೆ ಕಟ್ಟುತ್ತಿದ್ದ ಕಲ್ಲುಗೂಟಕ್ಕೆ ಸುತ್ತಿದಳು.

"ಇಷ್ಟು ಭಾರದ್ದು, ಎಲ್ಲಿಗೋದಾತು? ನಡಿ" ಅಂದಳು.

ಆಗ 'ಕಟಕ್' ಅಂತ ಸದ್ದು ಕೇಳಿತು. ತಿರುಗಿ ನೋಡಿದರೆ ಕಾರಿನ ಹಿಂಭಾಗ ಸೈಜುಗಲ್ಲಿನಿಂದ ಎದ್ದಿತ್ತು. ಎದ್ದದ್ದು ಮೆಲ್ಲಗೆ ಓಲಾಡಿ, ಕಲ್ಲಿಗೆ ತಾಗಿ, ಮತ್ತೆ ಎದ್ದಿತು. ಅವ್ವ ದೋಣಿ ಮನೆಯ ಮಗಳು, ಅವಳಿಗೆ ಕ್ಷಣದಲ್ಲಿ ತಿಳಿಯಿತು.

"ಅಯ್ಯೋ, ನಮ್ಮಣ್ಣನ್ ತಳ ಕಣೇ! ತೇಲ್ತಾ ಅದೆ!"

ಕೊಟ್ಟಿಗೆಗೆ ಹೊಳೆಯ ಕಡೆ ಗೋಡೆಯಿರಲಿಲ್ಲ, ಬಿದಿರು ತಟ್ಟಿ ಮಾತ್ರ. ನಾವು ನೋಡುತ್ತಿದ್ದಂತೆ ತಟ್ಟಿ ಮುರಿಯಿತು. ಕಾರು ಗಿರ್ರನೆ ತಿರುಗಿ, ಹಿಂಭಾಗವನ್ನು ಹೊಳೆಯ ಕಡೆ ಚಾಚಿ ಹಗ್ಗ ಜಗ್ಗತೊಡಗಿತು. ಎಮ್ಮೆ ಎಳೆದಾಗ ನುಲಿಯುವ ಹಾಗೇ ಹಗ್ಗ ನುಲಿಯಿತು. ಒಂದು ಎಳೆ ಪಟ್ಟಂತ ಕಿತ್ತಿತು. ಪಕ್ಕದ ಮನೆಯ ಎತ್ತಿನಗಾಡಿ ಆಗಲೇ ಸೆಳವಿನ ಜೊತೆ ಹೋಗಿಯಾಗಿತ್ತು.

ನಾನು ಅವ್ವನ ಮುಖ ನೋಡಿದೆ. ಆ ಕಾರನ್ನು ಅಷ್ಟು ದಿನ ಶಪಿಸಿದವಳು. ಹೋದರೆ ಹೋಗಲಿ ಅಂದಿದ್ದರೆ ನಾನು ಎದುರಾಡುತ್ತಿರಲಿಲ್ಲ. ಇಬ್ಬರಿಗೂ ದೋಣಿ ಮುಳುಗಿಸುವ ಮಾವನ ಮಾತೇ ತಲೆಗೆ ಬಂದಿತ್ತು ಅನ್ನಿಸುತ್ತದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಾರೆ ತಾ" ಅಂದಳು.

ಅವಳು ಹತ್ತಲು ಹೋದಾಗ ಕಾರು ಅವಳ ಮೇಲೇ ವಾಲಿತು. ಅವಳ ಭಾರಕ್ಕೆ ಅದು ಮಗುಚಿಕೊಳ್ಳುವುದು ಖಂಡಿತ. ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬಾವಿ ಹಗ್ಗ ತಂದು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿ ತನ್ನ ಸೊಂಟಕ್ಕೆ ಕಟ್ಟಿಕೊಂಡು, ಕಲ್ಲುಗೂಟವನ್ನು ತಬ್ಬಿ ನಿಂತಳು. ನಾನು ಬಾಗಿಲ ಮೇಲಿಂದ ಒಳಗೆ ಜಾರಿದೆ.

ಒಳಗೆ ಒಂದು ಹನಿ ನೀರಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಸುತ್ತ ಹೊಳೆ ಮೊರೆಯುತ್ತಿದೆ, ಕಾಲ ಕೆಳಗೆ ಕಪ್ಪಗೆ, ಒಣಗಿ, ನುಣ್ಣಗೆ ಮಾವನ ತಳ. ಅಪ್ಪ ಡಾಂಬರು ತೀಡಿದ ಬೆರಳ ಗುರುತು ಸಹ ಕಾಣುತ್ತಿತ್ತು. ಅವ್ವ ಕಾಲಿಡಬೇಕಾದ ಜಾಗದಲ್ಲಿ ಹಾರೆ ಎತ್ತಿ ಹೊಡೆದೆ. ಹೊಡೆದೆ ಅಂದರೆ, ಮುಟ್ಟಿಸಿದೆ.

"ಮೆತ್ತಗೆ ಹೊಡದ್ರೆ ಹೊಳೆ ಬುಡ್ತದಾ? ಹೊಡಿಯೇ!" ಅವ್ವ ಕಿರುಚಿದಳು.

ಹೊಡೆದೆ. ಹಾರೆ ಪುಟಿದು ಮೊಣಕಾಲಿಗೆ ಬಡಿಯಿತು. ಗೋಣಿ ಹರಿಯಿತು, ಹೆಣಿಗೆ ಬಿಡಲಿಲ್ಲ. ಹಗ್ಗದ ಇನ್ನೊಂದು ಎಳೆ ಕಿತ್ತು ಕಾರು ಒಂದು ಮಾರು ಹೊಳೆಯ ಕಡೆ ಸರಿಯಿತು. ಅಳುತ್ತಲೇ ಹೊಡೆದೆ. ಏಳನೇ ಏಟಿಗೆ ಬಿದಿರು ಲಟಕ್ಕೆಂದು ಮುರಿದು ಹಾರೆ ಮೊಳದುದ್ದ ಒಳಗಿಳಿಯಿತು. ಕಿತ್ತಾಗ ನೀರು ನನ್ನ ಎದೆಯೆತ್ತರಕ್ಕೆ ಚಿಮ್ಮಿತು. ಕಾರು ಒಂದು ಸಲ ನಡುಗಿತು. ನೀರು ಪಾದ ಮುಚ್ಚಿತು, ಮೀನಖಂಡ ಮುಚ್ಚಿತು. ಜಗ್ಗುತ್ತಿದ್ದ ಹಗ್ಗ ಸಡಿಲವಾಯಿತು. ಕೂತುಬಿಟ್ಟಿತು, ಎಮ್ಮೆ ಕೆರೆಯಲ್ಲಿ ಕೂರುವ ಹಾಗೆ. ಅವ್ವ ನನ್ನನ್ನು ಎಳೆದ ರಭಸಕ್ಕೆ ಸೊಂಟದ ಚರ್ಮ ಸುಲಿಯಿತು.

ಎರಡು ದಿನ ಸ್ಕೂಲಿನಲ್ಲಿ ಅನ್ನ ಸಾರು ಹಾಕಿದರು. ನಾನು ತಟ್ಟೆ ಬಿಟ್ಟು ಬಾಗಿಲನ್ನೇ ನೋಡುತ್ತಿದ್ದೆ. ಹೊಳೆಯ ಭಯ ಹೋಗಿ ಅಪ್ಪನ ಭಯ ಶುರುವಾಗಿತ್ತು. ಎಂಟು ದಿನದ ಕೆಲಸ, ಎಮ್ಮೆ, ಕಪ್ಪು ಕಾಫಿ, ದಸರಾ, ಬೀಗದಕೈ ಎಲ್ಲವನ್ನೂ ನಾನೇ ಏಳು ಏಟಿಗೆ ತೂತು ಮಾಡಿದ್ದೆ. ಮೂರನೇ ದಿನ ನೀರು ಇಳಿದ ಮೇಲೆ, ರಸ್ತೆ ಬಿಟ್ಟದ್ದೇ ಅಪ್ಪನೂ ಮಾವನೂ ಲಾರಿ ಹತ್ತಿ ಬಂದರು. ಕಾರಿನ ತುಂಬ ಸೀಟಿನವರೆಗೆ ನೆರೆ ಬಿಟ್ಟುಹೋದ ಗೋಡುಮಣ್ಣು. ಅಪ್ಪ ಎರಡು ಕೈಯಲ್ಲಿ ಬಾಚಿ ಬಾಚಿ ಹಾಕಿದ. ತಳ ಮುಟ್ಟಿದಾಗ ಅವನ ಕೈ ತೂತಿನಲ್ಲಿ ಇಳಿದು ನಿಂತಿತು.

"ಯಾರು ಹೊಡದದ್ದು?"

ಅವ್ವ ಮುಂದೆ ಬಂದಳು. "ನಾ ಯೋಳ್ದೆ. ಅವ್ಳು ಹೊಡದ್ಲು. ಏನೀಗ?"

ಅಪ್ಪ ಕಲ್ಲುಗೂಟದಲ್ಲಿ ಹಗ್ಗ ಕೊರೆದ ಗುರುತು ನೋಡಿದ. ಒಂದೇ ಎಳೆಯಲ್ಲಿ ನಿಂತಿದ್ದ ಹಗ್ಗ ನೋಡಿದ. ಪಕ್ಕದ ಮನೆಯ ಗಾಡಿ ನಿಲ್ಲುತ್ತಿದ್ದ ಖಾಲಿ ಜಾಗ ನೋಡಿದ. ಅಷ್ಟರಲ್ಲಿ ಮಾವ ತೂತಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಲು ಗಂಭೀರವಾಗಿ ಕೇಳಿದ, "ಎಷ್ಟೇಟು ಹೊಡ್ದೆ ಕೂಸೇ?"

"ಏಳು."

"ಏಳು ತಡ್ಕೊಂಡ್ತಾ! ನೋಡ್ದಾ ಬಾವ ನನ್ ತಳವ?"

ಅಪ್ಪ ನಕ್ಕುಬಿಟ್ಟ. ಗೋಡಿನ ಕೈಯಲ್ಲೇ ನನ್ನ ತಲೆ ತಬ್ಬಿಕೊಂಡ. ಆಮೇಲೆ ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ಕಾಣಲಿಲ್ಲ, ಕಣ್ಣಿನ ತುಂಬ ಗೋಡಿತ್ತು.

ಆ ತೂತನ್ನು ಅವರು ಮುಚ್ಚಲಿಲ್ಲ. ಮಾವ ಅದರ ಅಂಚು ಕಟ್ಟಿ, ಹೊನ್ನೆ ಮರದ ಒಂದು ಬಿರಡೆ ಕೆತ್ತಿ ಹಾಕಿದ. ದಸರಾಕ್ಕೆ ನಾಲ್ಕು ದಿನ ಇರುವಾಗ ಬೋಳುಕಾರು ಕೆಮ್ಮಿ, ಹೊಗೆ ಕಾರಿ, ಓಡಿತು. ಅವ್ವ ಕೂತಳು. ಸೀಟು ಎರಡೇ ಆದ್ದರಿಂದ ನಾನು ಮಾವನ ಜೊತೆ ಬಸ್ಸಿನಲ್ಲಿ ಹೋದೆ. ಬೇಜಾರಾಗಲಿಲ್ಲ, ನಾನು ನೆರೆಯ ದಿನವೇ ಹತ್ತಿಯಾಗಿತ್ತು. ಮೈಸೂರು ಮುಟ್ಟುವ ತನಕ ಅವ್ವ ಆ ಬಿರಡೆಯ ಮೇಲೆ ಕಾಲೂರಿಕೊಂಡೇ ಇದ್ದಳಂತೆ.

ಬೀಗದಕೈ ಅಪ್ಪನ ಸೊಂಟಕ್ಕೆ ಬಂತು. ಅದೇ ನನ್ನನ್ನು ಓದಿಸಿತು. ನಮ್ಮ ಎರಡೂ ಕಡೆಯ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು.

ಈಗ ಅಪ್ಪನಿಲ್ಲ, ನಿಂಗಮಾವನಿಲ್ಲ. ಸಂಗಮದಲ್ಲಿ ಈಗ ಫೈಬರ್ ತೆಪ್ಪಗಳು. ಬಿದಿರು ಹೆಣೆಯುವ ಕೈ ಅವರ ಮನೆಯಲ್ಲಿ ಉಳಿದಿಲ್ಲ. ನಮ್ಮ ಬೀದಿಯಲ್ಲಿ ಹುಡುಕಿದರೂ ಎಮ್ಮೆಯಿಲ್ಲ. ಮೊನ್ನೆ ಮೈಸೂರಿಗೆ ಹೋದಾಗ ವಕೀಲರ ಮಗನನ್ನು ಕೇಳಿ ಷೆಡ್ಡಿಗೆ ಹೋದೆ. ಬೋಳುಕಾರು ಕೆಂಪಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಾಲಡಿಯ ಮ್ಯಾಟು ಎತ್ತಿ ನೋಡಿದೆ. "ತಳ ಪೂರ್ತಿ ಹೊಸಾ ಶೀಟ್ ಮೇಡಂ. ಹಳೇದರಲ್ಲಿ ಏನೇನೋ ಗೋಣಿ, ಬಿದಿರು ಎಲ್ಲ ಇತ್ತು, ಕಿತ್ತು ಎಸೆದ್ವಿ" ಅಂತ ಅವರು ಖುಷಿಯಿಂದ ಹೇಳಿದರು. ಚೆನ್ನಾಗಿದೆ ಅಂದೆ. ಇನ್ನೇನನ್ನಲಿ?

ಮನೆಗೆ ಬಂದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಕಾರಿನ ವಿಷಯ ಹೇಳಿದೆ.

"ಬಿರಡೆ ಅದಾ?"

"ಇಲ್ಲ ಕಣವ್ವ. ಕಬ್ಬಿಣದ ತಳ ಹಾಕ್ಸವ್ರೆ. ಒಂದು ತೂತೂ ಇಲ್ಲ."

ಅವ್ವ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟಳು.

"ಮತ್ತೆ ಹೊಳೆ ಬಂದ್ರೆ?" ಅಂದಳು.